ಚೀಟಿಯಲ್ಲಿ ಇಲ್ಲದ ಕಿವಿ

ತೊಂಬತ್ತರ ದಶಕದ ಕೊನೆಯಲ್ಲಿ, ಇಂಗ್ಲಿಷರ ನಾಡಿನ ಹೌನ್ಸ್ಲೋದ ಒಂದು ಆಫೀಸಿನಲ್ಲಿ ಕೂತು ದೂರದೇಶದ ರೈತರಿಗೆ ಹವಾಮಾನದ ಎಚ್ಚರಿಕೆಯನ್ನು ಫೋನಿನಲ್ಲಿ ಓದಿ ಹೇಳುವುದು ನನ್ನ ಕೆಲಸವಾಗಿತ್ತು. ಕೈಗೆ ಕೊಟ್ಟ ಚೀಟಿಯಲ್ಲಿದ್ದದ್ದು ಬಿಟ್ಟು ಒಂದು ಮಾತೂ ಆಡುವಂತಿರಲಿಲ್ಲ. ಕರೆಗಳೆಲ್ಲ ರೆಕಾರ್ಡ್ ಆಗುತ್ತಿದ್ದವು. ಎಷ್ಟೋ ದಿನ ಆ ಚೀಟಿ ಓದಿದ್ದು ಬಿಟ್ಟರೆ ನಾನು ಬಾಯಿ ತೆರೆದದ್ದೇ ಇಲ್ಲ.

ಒಂದು ಮಧ್ಯಾಹ್ನ ಫ್ಲೋರಿಡಾ ಕರಾವಳಿಯ ಕಿತ್ತಳೆ ತೋಟದ ಮುದುಕರೊಬ್ಬರಿಗೆ ಫೋನ್ ಮಾಡಿದೆ. ಜೋರು ಶೀತಗಾಳಿ ಬರುತ್ತಿದೆ, ಎಳೆ ಗಿಡಗಳಿಗೆ ಹೊದಿಕೆ ಹಾಕಿ ಎಂದು ಓದಿದೆ. ಸೆಖೆಯ ಊರಿನವರು ಪಾಪ ಅನ್ನಿಸಿತು. ನಾನೂ ಅಂಥದ್ದೇ ಕರಾವಳಿಯ ಕುಮಟಾದವನು. "ಕಿವಿಗೂ ಏನಾದರೂ ಕಟ್ಟಿಕೊಳ್ಳಿ," ಎಂದು ಅಮ್ಮ ಹೇಳುವ ಹಾಗೆ ಹೇಳಿಬಿಟ್ಟೆ. ಅವರು ಫೋನ್ ಇಟ್ಟರು.

ಮರುದಿನ ಮ್ಯಾನೇಜರ್ ಕರೆದು, "ಈ ಕಿವಿ ಚೀಟಿಯಲ್ಲಿ ಎಲ್ಲಿದೆ?" ಎಂದು ಕೇಳಿದರು. ಎಲ್ಲೂ ಇರಲಿಲ್ಲ.

ಮುಂದಿನ ಸಲ ಶೀತಗಾಳಿ ಎದ್ದಾಗ ಅದೇ ಮುದುಕರಿಗೆ ಚೀಟಿಯಷ್ಟನ್ನೇ ಓದಿದೆ. ಅವರು ಫೋನ್ ಇಡಲಿಲ್ಲ.

"ಅಷ್ಟೇನಾ?"

"ಅಷ್ಟೇ ಸರ್."

"ನಾನು ಆಗಲೇ ಕಟ್ಟಿಕೊಂಡಿದ್ದೇನೆ. ಅಲ್ಲೂ ಚಳಿ ಇರಬೇಕು, ನೀನೂ ಕಟ್ಟಿಕೋ."

ಈ ಸಲ ಮ್ಯಾನೇಜರ್ ಕರೆಯಲಿಲ್ಲ. ಗಿರಾಕಿಗಳಿಗೂ ಚೀಟಿ ಬರೆದುಕೊಡಬೇಕೆಂದು ಅವರಿಗೆ ಇನ್ನೂ ಹೊಳೆದಿರಲಿಲ್ಲ.