ಕವುಚಿಟ್ಟ ಮೊಬೈಲು

ಜಯಂತಿಯ ಮೊಬೈಲಿನಲ್ಲಿ ನೆಟ್ಟು ದಿನಾ ಪೊಲೀಸರು ಬರುವ ಮೊದಲೇ ಮುಗಿಯುತ್ತಿತ್ತು.

ನಿಜವಾದ ಪೊಲೀಸರಲ್ಲ, ನಾಟಕದ ಪೊಲೀಸರು. ಇನ್‌ಸ್ಪೆಕ್ಟರ್ ಒಬ್ಬ, ಅವನ ಹಿಂದೆ ಪೇದೆ ಒಬ್ಬ. ಪೇದೆ ಅಂದರೆ ಜಯಂತಿಯ ಗಂಡ ಬೊಮ್ಮಯ್ಯ. ಅವನು ಸತ್ತು ಒಂದು ಮಳೆಗಾಲ ಕಳೆದಿತ್ತು.

ಬೊಮ್ಮಯ್ಯ ಕೈಗಾ ಅಣುಸ್ಥಾವರಕ್ಕೆ ನೌಕರರನ್ನು ಕರೆದೊಯ್ಯುವ ಬಸ್ಸಿನ ಡ್ರೈವರ್ ಆಗಿದ್ದ. ಮನೆ ಹಣಕೋಣದಲ್ಲಿ, ಹುಟ್ಟೂರು ಅಂಕೋಲೆಯ ಕಡೆ. ಹುಟ್ಟೂರಿನವರು ವರ್ಷಕ್ಕೊಂದು ಸಾಮಾಜಿಕ ನಾಟಕ ಆಡುತ್ತಾರೆ. ಅದರಲ್ಲಿ ಬೊಮ್ಮಯ್ಯನಿಗೆ ಯಾವಾಗಲೂ ಪೊಲೀಸಿನ ಪಾರ್ಟು. ನಟನೆ ಬರುತ್ತದೆ ಅಂತಲ್ಲ, ಅವನ ಹತ್ತಿರ ಸ್ವಂತ ಖಾಕಿ ಪ್ಯಾಂಟು ಇತ್ತು. ಒಂದು ವರ್ಷ ಪೊಲೀಸರೇ ಇಲ್ಲದ ನಾಟಕ ಆರಿಸಿಬಿಟ್ಟಿದ್ದರು. ಆ ವರ್ಷ ಅವನಿಗೋಸ್ಕರ ಒಬ್ಬ ಪೋಸ್ಟ್‌ಮನ್ನನ್ನು ಕಥೆಯೊಳಗೆ ತಂದರು.

ಕೊನೆಯ ನಾಟಕದಲ್ಲಿ ಅವನಿಗೆ ಒಂದು ಮಾತು ಕೊಟ್ಟಿದ್ದರು. "ಸಾಹೇಬ್ರೇ, ಜೀಪು ಬಂತು." ಅಷ್ಟೇ. ಅಷ್ಟನ್ನು ಅವನು ತಿಂಗಳಾನುಗಟ್ಟಲೆ ಮನೆಯಲ್ಲಿ ಹೇಳಿದ. ಬಚ್ಚಲಲ್ಲಿ ಹೇಳಿದ, ಊಟಕ್ಕೆ ಕೂತು ಹೇಳಿದ, ಬಂಗಡೆಯ ಮುಳ್ಳು ಬಿಡಿಸುತ್ತ ಹೇಳಿದ. ಜಯಂತಿಗೇ ಬಾಯಿಪಾಠವಾಗಿತ್ತು.

ನಾಟಕದ ದಿನ ಅವಳ ಅತ್ತೆ ಕಾರವಾರದ ಆಸ್ಪತ್ರೆಯಲ್ಲಿದ್ದರು. ಜಯಂತಿ ಅವರ ಹತ್ತಿರ ಇದ್ದಳು. ಮರುದಿನ ಬೊಮ್ಮಯ್ಯ ಡಬ್ಬಿಯಲ್ಲಿ ಗಂಜಿ ತಂದ. ಹೇಗಾಯಿತು ಎಂದು ಕೇಳಿದರೆ, ಆಯಿತು ಅಂದ. ಮೈದುನ ಸತೀಶ ಮಾತ್ರ, ಅಣ್ಣನ ಸೀನಿಗೆ ಜನ ಬಿದ್ದುಬಿದ್ದು ನಕ್ಕರು ಅಂದ. ಅದು ಅಳುವ ಸೀನು. ಯಾಕೆ ನಕ್ಕರು ಎನ್ನುವುದು ಸತೀಶನಿಗೂ ಗೊತ್ತಿರಲಿಲ್ಲ. ಅವನು ಆಗ ಚಹಾ ಅಂಗಡಿಯ ಹತ್ತಿರ ಇದ್ದ, ನಗು ಕೇಳಿಸಿತ್ತು ಅಷ್ಟೇ. ಜಯಂತಿ ಗಂಡನನ್ನೇ ಮತ್ತೆ ಕೇಳಿದಳು. ವಿಡಿಯೋ ಬರ್ತದೆ, ಆಗ ಕಾಣು ಅಂದ.

ವಿಡಿಯೋ ಬರುವಷ್ಟರಲ್ಲಿ ಅವನು ಹೋಗಿದ್ದ. ಕದ್ರಾದ ಹತ್ತಿರ ಬೆಳಗಿನ ಟ್ರಿಪ್ಪಿನಲ್ಲಿ ಎದೆ ಹಿಡಿದುಕೊಂಡಿತು. ಬಸ್ಸು ಬದಿಗೆ ತಂದು, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ಸತ್ತ. ಮಾತಾಡಿಸಲು ಬಂದವರೆಲ್ಲ ಹ್ಯಾಂಡ್‌ಬ್ರೇಕಿನ ಮಾತು ಎತ್ತಿದರು. ಜಯಂತಿ ಹೌದು ಎಂದು ತಲೆಯಾಡಿಸಿದಳು. ಬ್ರೇಕು ಎಳೆಯದಿದ್ದರೆ ಬದುಕುತ್ತಿದ್ದನೋ ಏನೋ ಎಂದು ಒಮ್ಮೆ ಅನ್ನಿಸಿತ್ತು.

ಅವರಿಗೆ ಮಕ್ಕಳಾಗಿರಲಿಲ್ಲ. ಉಳಿದದ್ದು ಅವನ ಮೊಬೈಲು, ಈಗ ಅದು ಜಯಂತಿಯದು. ಅದರಲ್ಲಿ ಅವನು ತೆಗೆದ ಫೋಟೊ ರಾಶಿ ಇದ್ದವು. ಬಸ್ಸಿನ ಟೈರು, ಬಾಗಿದ ಬಂಪರು, ಮೊದಲ ಸಲ ಬಿಟ್ಟ ಹಲಸು, ಒಲೆಯ ಮುಂದೆ ಬೆನ್ನು ಹಾಕಿ ಕೂತ ಜಯಂತಿ. ಅವನದು ಒಂದೂ ಇರಲಿಲ್ಲ. ಫೋಟೊ ತೆಗೆಯುವವನ ಫೋಟೊ ಯಾರೂ ತೆಗೆದಿರಲಿಲ್ಲ. ದನಿಯೂ ಇರಲಿಲ್ಲ. ಗೋಡೆಯ ಮೇಲೆ ಹಾಕಿದ್ದು ಲೈಸೆನ್ಸಿನ ಫೋಟೊ ದೊಡ್ಡದು ಮಾಡಿಸಿದ್ದು, ಅದು ಅವಳಿಗೆ ಬೇರೆ ಯಾರನ್ನೋ ನೋಡಿದ ಹಾಗೆ ಆಗುತ್ತಿತ್ತು. ಅವನ ದನಿ ಈ ಲೋಕದಲ್ಲಿ ಎಲ್ಲಾದರೂ ಇದ್ದರೆ ಆ ನಾಟಕದಲ್ಲಿ ಇತ್ತು. ಆ ಒಂದು ಮಾತು ಕೇಳಬೇಕಿತ್ತು. ಜನ ಯಾಕೆ ನಕ್ಕರು ನೋಡಬೇಕಿತ್ತು.

ಯೂಟ್ಯೂಬಿನಲ್ಲಿ ಇಡೀ ನಾಟಕ ಹಾಕಿದ್ದರು. ಏನೂ ಕತ್ತರಿಸಿರಲಿಲ್ಲ. ಮೊದಲು ದೀಪ, ಸ್ವಾಗತ, ಆಮೇಲೆ ಸನ್ಮಾನ. ಪೆಂಡಾಲು ಕೊಟ್ಟವರಿಗೆ ಸನ್ಮಾನ, ಗದ್ದೆ ಬಿಟ್ಟುಕೊಟ್ಟವರಿಗೆ ಸನ್ಮಾನ, ರಿಟೈರಾದ ಮಾಸ್ತರಿಗೆ, ಕರೆಂಟು ಎಳೆದವನಿಗೆ, ಅವನು ಬರಲಾಗಲಿಲ್ಲವೆಂದು ಅವನ ಅಪ್ಪನಿಗೆ. ಪ್ರತಿಯೊಬ್ಬರಿಗೂ ಶಾಲು, ಹಾರ, ಹಣ್ಣು, ಅವರ ಮೇಲೆ ಒಂದು ಭಾಷಣ, ಆಮೇಲೆ ಅವರದೊಂದು ಭಾಷಣ. ಎಲ್ಲರೂ ಎರಡೇ ಮಾತು ಹೇಳುತ್ತೇನೆ ಎಂದು ಶುರು ಮಾಡುತ್ತಿದ್ದರು.

ಜಯಂತಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಕೆಲಸ ಮುಗಿಸಿ ಮನೆಗೆ ಬಂದು, ಉಂಡು, ನಾಟಕ ಹಚ್ಚುತ್ತಿದ್ದಳು. ಸನ್ಮಾನ ಬಂದ ಕೂಡಲೇ ಸದ್ದು ಪೂರಾ ಇಳಿಸಿ, ಮೊಬೈಲನ್ನು ಅಕ್ಕಿಡಬ್ಬದ ಮೇಲೆ ಕವುಚಿಡುತ್ತಿದ್ದಳು. ಮೇಲೊಂದು ಪಂಚೆ ಮಡಚಿ ಹಾಕುತ್ತಿದ್ದಳು. ನೋಡಿದ್ದಕ್ಕೆ ನೆಟ್ಟು ಖರ್ಚು, ನೋಡದಿದ್ದರೆ ಉಳಿಯುತ್ತದೆ, ಇದು ಅವಳ ತಿಳಿವಳಿಕೆ. ಊರಿನವರ ಶಾಲಿಗೆಲ್ಲ ನೆಟ್ಟು ಸುರಿದರೆ ಗಂಡನಿಗೆ ಏನು ಉಳಿದೀತು. ಪಾತ್ರೆ ತಿಕ್ಕಿ, ಅಂಗಳ ಗುಡಿಸಿ ಬಂದು ಮಗುಚಿದರೆ ಪರದೆ ಏಳುವ ಹೊತ್ತಾಗಿರುತ್ತಿತ್ತು.

ಅಲ್ಲಿಂದ ಕಣ್ಣು ತೆಗೆಯದೆ ನೋಡುತ್ತಿದ್ದಳು. ಅಣ್ಣ ತಂಗಿಯ ಕಥೆ. ತಂಗಿಯ ಮದುವೆ ಗೊತ್ತಾಗುತ್ತದೆ, ಚಿನ್ನ ಮಾಡಿಸುತ್ತಾರೆ, ಮುಖಕ್ಕೆ ಬಟ್ಟೆ ಕಟ್ಟಿದವನೊಬ್ಬ ಬಂದು ಚಿನ್ನ ಒಯ್ಯುತ್ತಾನೆ. ಅಣ್ಣ ಪೊಲೀಸರಿಗೆ ಹೇಳಿಬರುತ್ತೇನೆ ಎಂದು ಹೊರಡುತ್ತಾನೆ. ಅಷ್ಟಕ್ಕೆ ನಡುವೆ ಒಂದು ಚಕ್ರ ಕಾಣಿಸಿಕೊಂಡು ತಿರುಗುತ್ತಿತ್ತು. ನೆಟ್ಟು ಮುಗಿಯಿತು. ಮರುದಿನ ನಾಟಕ ಮತ್ತೆ ಮೊದಲಿಂದಲೇ ಶುರುವಾಗುತ್ತಿತ್ತು. ದಿನಾ ಕಳ್ಳತನ ಆಗುತ್ತಿತ್ತು. ಪೊಲೀಸರು ಬರುತ್ತಿರಲಿಲ್ಲ.

ಕೆಳಗಿನ ಕೆಂಪು ಗೆರೆ ಎಳೆದರೆ ಮುಂದೆ ಹೋಗುತ್ತದೆ ಎಂದು ಯಾರೋ ಹೇಳಿದ್ದರು. ಎಳೆದಳು. ನಾಟಕ ಮುಗಿದು, ಮೈಕಿನವರಿಗೆ ವಂದನೆ ಹೇಳುತ್ತಿದ್ದರು. ಆಮೇಲೆ ಸೋಪಿನ ಜಾಹೀರಾತು ಬಂತು, ಅದರ ಬೆನ್ನಿಗೆ ಬೇರೆ ಯಾವುದೋ ಊರಿನ ನಾಟಕ. ಗಂಡನ ನಾಟಕವನ್ನು ಮತ್ತೆ ಹುಡುಕಿಕೊಳ್ಳಲು ವಾರ ಹಿಡಿಯಿತು. ಆ ಗೆರೆಯನ್ನು ಅವಳು ಮತ್ತೆ ಮುಟ್ಟಲಿಲ್ಲ.

ನೆಟ್ಟು ಎಲ್ಲಿಗೆ ಹೋಗುತ್ತದೆ ಎನ್ನುವುದಕ್ಕೆ ಕೇರಿಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಗಡಿಯಾಚೆ ಗೋವಾದ ಟವರು ಎಳೆದುಕೊಳ್ಳುತ್ತದೆ ಅಂದರು ಒಬ್ಬರು. ಚಾರ್ಜಿಗೆ ಹಾಕಿ ನೋಡಿದರೆ ಹೆಚ್ಚು ಖರ್ಚು ಅಂದರು ಇನ್ನೊಬ್ಬರು. ಜಯಂತಿ ಚಾರ್ಜಿನಿಂದ ಬಿಡಿಸಿ ನೋಡಿದಳು, ಗೋವಾಕ್ಕೆ ಬೆನ್ನು ಹಾಕಿ ಕೂತೂ ನೋಡಿದಳು. ಎರಡರಿಂದಲೂ ಏನೂ ಆಗಲಿಲ್ಲ.

ಸತೀಶ ಒಂದು ಭಾನುವಾರ ಅಂಕೋಲೆಯಿಂದ ಬಂದ. ಅಣ್ಣ ಹೋದ ಮೇಲೆ ಮೊಬೈಲಿನಿಂದ ಅಣ್ಣನ ಗೂಗಲ್ ಅಕೌಂಟು ತೆಗೆದುಹಾಕಿದವನು ಅವನೇ. ತನಗೆ ಇದೆಲ್ಲ ಗೊತ್ತು ಎನ್ನುವವನು. ಮೊಬೈಲನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅತ್ಗೆ, ನೀ ಸೀರಿಯಲ್ಲು ಕಾಣ್ತೆ ಅನ್ಸ್ತದೆ. ಸುಮ್ನೆ ಅಣ್ಣನ ಹೆಸ್ರು ಹೇಳ್ತೆ."

"ಸೀರಿಯಲ್ಲು ಕಾಣೂಕೆ ನಿನ್ನ ಕೇಳ್ಬೇಕೇನಾ ನಾನು?"

"ಹಂಗಲ್ಲ ಮಾರಾಯ್ತಿ. ಒಂದು ಮಾತು ಕೇಳೂಕೆ ಯಾರಾದ್ರೂ ದಿನಾ ಇಡೀ ನಾಟ್ಕ ಕಾಣ್ತ್ರೇನು? ನಾನೇ ಹೇಳ್ತೆ ಕೇಳು. ಸಾಹೇಬ್ರೇ, ಜೀಪು ಬಂತು."

ಸತೀಶನ ದನಿ ಅಣ್ಣನ ಹಾಗೆಯೇ ಎಂದು ಜನ ಹೇಳುತ್ತಾರೆ. ಹಾಗಿರಲಿಲ್ಲ. ಜಯಂತಿ ಎದ್ದು ಹೋಗಿ ಚಹಾಕ್ಕೆ ನೀರಿಟ್ಟಳು. ಸಕ್ಕರೆ ಹಾಕಲಿಲ್ಲ. ಸತೀಶ ಹಾಗೆಯೇ ಕುಡಿದು ಹೋದ.

ಮರುದಿನ ಶಾಲೆ ಬಿಟ್ಟ ಮೇಲೆ ಅವಳು ಬಸ್ಸು ಹತ್ತಿ ಕಾರವಾರಕ್ಕೆ ಹೋದಳು. ಬೊಮ್ಮಯ್ಯ ರೀಚಾರ್ಜು ಮಾಡಿಸುತ್ತಿದ್ದ ಮೊಬೈಲ್ ಅಂಗಡಿ ಅಲ್ಲಿದೆ. ನಡೆಸುವವಳು ಮನಿಷಾ, ಕೊಂಕಣಿಯವಳು, ಜಯಂತಿಗಿಂತ ಚಿಕ್ಕವಳು. ಕೂತಲ್ಲಿಂದ ಏಳುವವಳಲ್ಲ. ಜಯಂತಿ ಮೊಬೈಲು ಮುಂದಿಟ್ಟು, ಇದರಲ್ಲಿ ನೆಟ್ಟು ಯಾರು ತಿನ್ನುತ್ತಾರೆ ನೋಡು ಅಂದಳು.

ಮನಿಷಾ ಸೆಟ್ಟಿಂಗಿನೊಳಗೆ ಹೋಗಿ ಒಂದು ಪಟ್ಟಿ ತೆಗೆದು ತೋರಿಸಿದಳು. ಯಾವುದು ಎಷ್ಟು ತಿಂದಿದೆ ಎಂದು ಮೊಬೈಲೇ ಬರೆದಿಟ್ಟುಕೊಂಡಿರುತ್ತದೆ ಎನ್ನುವುದು ಜಯಂತಿಗೆ ಗೊತ್ತಿರಲಿಲ್ಲ. ಮೇಲೆ ಯೂಟ್ಯೂಬು ಇತ್ತು. ಅದರ ಕೆಳಗೆ ವಾಟ್ಸಾಪು. ವಾಟ್ಸಾಪು ನಾನು ಮುಟ್ಟುವುದೇ ಇಲ್ಲ ಎಂದು ಜಯಂತಿ ಹೇಳಿದಳು. ನೀವು ಮುಟ್ಟಬೇಕಂತಿಲ್ಲ ಅಂದಳು ಮನಿಷಾ. ಬೊಮ್ಮಯ್ಯ ಸೇರಿದ್ದ ಗುಂಪುಗಳೆಲ್ಲ ಇನ್ನೂ ಹಾಗೆಯೇ ಇದ್ದವು. ಡ್ರೈವರುಗಳ ಗುಂಪು, ನಾಟಕದ ಗುಂಪು, ಯಾವುದೋ ಕ್ರಿಕೆಟ್ ಟೂರ್ನಮೆಂಟಿನ ಗುಂಪು. ದಿನಾ ಬೆಳಿಗ್ಗೆ ಅವನಿಗೆ ಶುಭೋದಯದ ವಿಡಿಯೋ ಬರುತ್ತಿದ್ದವು, ಮೊಬೈಲು ಒಂದನ್ನೂ ಬಿಡದೆ ಇಳಿಸಿಕೊಳ್ಳುತ್ತಿತ್ತು. ಎರಡು ತಿಂಗಳ ಹಿಂದೆ ಅವನಿಗೆ ಹುಟ್ಟುಹಬ್ಬದ ಶುಭಾಶಯವೂ ಬಂದಿತ್ತು. ತಾನಾಗಿ ಇಳಿಯುವುದನ್ನು ಮನಿಷಾ ಬಂದ್ ಮಾಡಿದಳು. ಗುಂಪಿನಿಂದ ಹೊರಗೆ ಬರುವುದೇ ಎಂದು ಕೇಳಿದಳು. ಇರಲಿ ಅಂದಳು ಜಯಂತಿ.

ಆಮೇಲೆ ನಾಟಕ. ಚಿತ್ರ ಎಷ್ಟು ಚೊಕ್ಕ ಇರುತ್ತದೆಯೋ ಅಷ್ಟು ಹೆಚ್ಚು ತಿನ್ನುತ್ತದೆ, ನೀವು ಅತಿ ಚೊಕ್ಕದ್ದು ನೋಡುತ್ತಿದ್ದೀರಿ ಎಂದು ಮನಿಷಾ ಹೇಳಿದಳು. ಕೆಳಗೆ ಇಳಿಸಿದಳು. ಎಲ್ಲಿ ಒತ್ತಿದರೆ ಇಳಿಯುತ್ತದೆ, ಎಲ್ಲಿ ಒತ್ತಿದರೆ ಏರುತ್ತದೆ ಎಂದು ತೋರಿಸಿದಳು. ಅಕೌಂಟು ಇಲ್ಲದ್ದರಿಂದ ನಿನ್ನೆ ಎಲ್ಲಿಗೆ ನಿಲ್ಲಿಸಿದ್ದು ಎನ್ನುವುದು ಅದಕ್ಕೆ ನೆನಪಿರುವುದಿಲ್ಲ ಎಂದೂ ಹೇಳಿದಳು. ಅದು ಸತೀಶನ ಕೆಲಸ ಎಂದು ಜಯಂತಿ ಮನಸ್ಸಿನಲ್ಲಿ ಬರೆದುಕೊಂಡಳು.

ಸನ್ಮಾನದ ಹೊತ್ತಿಗೆ ತಾನು ಕವುಚಿಡುವ ಮಾತನ್ನೂ ಹೇಳಿದಳು. ಮನಿಷಾ ತಲೆ ಎತ್ತಿದಳು.

"ಕವುಚಿಟ್ರೆ?"

"ಕವುಚಿಟ್ರೆ ನೆಟ್ಟು ಉಳೀತದಲ್ಲ."

ಮನಿಷಾ ನಗಲಿಲ್ಲ. ನಗದಿರಲು ಅವಳಿಗೆ ಸ್ವಲ್ಪ ಕಷ್ಟವಾಯಿತು. "ಇಲ್ಲ ಮಾವ್ಶಿ. ನೀವು ಕಂಡ್ರೂ ಅದು ಖರ್ಚಾಗ್ತದೆ, ಕಾಣ್ದೆ ಇದ್ರೂ ಖರ್ಚಾಗ್ತದೆ. ನಿಮ್ಗೆ ತೋರ್ಸ್ತ ಇದ್ದೇನೆ ಅಂತ್ಲೇ ಅದು ತಿಳ್ಕೊಂಡಿರ್ತದೆ."

ಬಲಗಡೆ ಎರಡು ಸಲ ತಟ್ಟಿದರೆ ಸ್ವಲ್ಪ ಸ್ವಲ್ಪವೇ ಮುಂದೆ ಹೋಗುತ್ತದೆ, ಗೆರೆ ಎಳೆಯಬೇಕಾಗಿಲ್ಲ ಎಂದು ಕಲಿಸಿದಳು. ಯಾವ ಸೀನು ಹೇಳಿ, ಇಲ್ಲೇ ತೆಗೆದುಕೊಡುತ್ತೇನೆ ಅಂದಳು. ಜಯಂತಿ ಮೊಬೈಲು ಇಸಿದುಕೊಂಡಳು.

"ಇಲ್ಲಿ ಬ್ಯಾಡ," ಅಂದಳು.

ಮನೆಗೆ ಬಂದು ಕೈಕಾಲು ತೊಳೆದು, ದೀಪ ಹಚ್ಚಿ, ಮೊಬೈಲು ಹಿಡಿದು ಕೂತಳು. ತಟ್ಟಿದಳು. ಸನ್ಮಾನ ತುಂಡುತುಂಡಾಗಿ ಹಾರಿಹೋಯಿತು. ತಂಗಿಯ ಮದುವೆ ಗೊತ್ತಾಯಿತು, ಚಿನ್ನ ಬಂತು, ಚಿನ್ನ ಹೋಯಿತು. ಅಣ್ಣ ಹೊರಟ. ಚಕ್ರ ಬರಲಿಲ್ಲ. ಪೊಲೀಸರು ಬಂದರು.

ಚಿತ್ರ ಇಳಿಸಿದ್ದರಿಂದ ಮುಖಗಳು ಕಲಸಿದ ಹಿಟ್ಟಿನ ಹಾಗಿದ್ದವು. ಆದರೂ ಗುರುತು ಸಿಕ್ಕಿತು. ಗೇರು ಹಾಕಿ ಹಾಕಿ ಬೊಮ್ಮಯ್ಯನ ಎಡಭುಜ ಒಂದಿಷ್ಟು ಇಳಿದಿತ್ತು. ಇನ್‌ಸ್ಪೆಕ್ಟರ್ ದೊಡ್ಡ ಮಾತು ಆಡಿದ. ತಂಗಿ ಅತ್ತಳು. ಕಂಬದ ಹಾಗೆ ನಿಂತಿದ್ದ ಬೊಮ್ಮಯ್ಯ ಸಲ್ಯೂಟು ಹೊಡೆದ.

"ಸಾಹೇಬ್ರೇ, ಜೀಪು ಬಂತು."

ಬಚ್ಚಲಲ್ಲಿ ಹೇಳುತ್ತಿದ್ದ ಹಾಗೆಯೇ ಹೇಳಿದ. ಆಗ ಹಿಂದಿನಿಂದ ಜೀಪಿನ ಸದ್ದು ಬರಬೇಕಿತ್ತು. ಬರಲಿಲ್ಲ. ಇನ್ನೊಮ್ಮೆ ಹೇಳಿದ, ದೊಡ್ಡದಾಗಿ. ಆಗಲೂ ಬರಲಿಲ್ಲ. ಇನ್‌ಸ್ಪೆಕ್ಟರ್ ಮೀಸೆ ಮುಟ್ಟಿಕೊಂಡು ನಿಂತ. ಬೊಮ್ಮಯ್ಯ ನಿಧಾನ ನಡೆದು ಬದಿಯ ಪರದೆ ಸರಿಸಿ ಆಚೆ ನೋಡಿದ. ಅಷ್ಟೇ ನಿಧಾನ ವಾಪಸು ಬಂದ. ಮತ್ತೆ ಸಲ್ಯೂಟು ಹೊಡೆದ.

"ಸಾಹೇಬ್ರೇ, ಬರ್ಲಿಲ್ಲ. ಕೈಗಾ ಬಸ್ಸಿಗೆ ಹೋಗ್ವ. ಡ್ರೈವರು ನಂಗೆ ಗೊತ್ತಿದ್ದವ."

ಜನ ನಕ್ಕರು. ಅಳುತ್ತಿದ್ದ ತಂಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಬೊಮ್ಮಯ್ಯ ನಗಲಿಲ್ಲ. ಸಾಹೇಬರಿಗೆ ದಾರಿ ಬಿಟ್ಟು ಹಿಂದೆ ನಡೆದ.

ಜಯಂತಿಯೂ ನಗಲಿಲ್ಲ. ಬಲಗಡೆ ತಟ್ಟಿದರೆ ಮುಂದೆ ಹೋಗುವುದಾದರೆ ಎಡಗಡೆ ತಟ್ಟಿದರೆ ಹಿಂದೆ ಬರಬೇಕು ಎಂದು ತಟ್ಟಿದಳು. ಬಂತು. ಮತ್ತೆ ನೋಡಿದಳು. ಮತ್ತೆ ತಟ್ಟಿದಳು. ಹೀಗೆ ನೋಡುತ್ತ ನೋಡುತ್ತ ಯಾವಾಗಲೋ ನಕ್ಕಳು. ಒಬ್ಬಳೇ ಇದ್ದದ್ದರಿಂದ ಬಾಯಿ ಮುಚ್ಚಿಕೊಳ್ಳಲಿಲ್ಲ.

ಅಷ್ಟಾದರೂ ನೆಟ್ಟು ಉಳಿದಿತ್ತು. ಇದು ಅವಳಿಗೆ ಹೊಸತು. ಉಳಿದದ್ದನ್ನು ಏನು ಮಾಡಬೇಕು ಎಂದು ಮನಿಷಾ ಹೇಳಿರಲಿಲ್ಲ. ಜಯಂತಿ ನಾಟಕವನ್ನು ಮೊದಲಿಂದ ಹಚ್ಚಿದಳು. ಸನ್ಮಾನ ಬಂತು. ಅಭ್ಯಾಸದ ಮೇಲೆ ಮೊಬೈಲನ್ನು ಅಕ್ಕಿಡಬ್ಬದ ಕಡೆ ಒಯ್ದಳು. ಕವುಚಿದರೂ ಅಷ್ಟೇ, ಕವುಚದಿದ್ದರೂ ಅಷ್ಟೇ ಎನ್ನುವುದು ಆಮೇಲೆ ನೆನಪಾಯಿತು. ವಾಪಸು ತಂದು ಗೋಡೆಗೆ ಒರಗಿಸಿ ಇಟ್ಟಳು. ಅಕ್ಕಿ ಆರಿಸುತ್ತ ನೋಡಿದಳು.

ಪೆಂಡಾಲು ಕೊಟ್ಟವರು ಕುರ್ಚಿಯಲ್ಲಿ ಕೂತರು. ಬದಿಯಿಂದ ಒಬ್ಬ ತಟ್ಟೆ ಹಿಡಿದು ಬಂದ. ತಟ್ಟೆಯಲ್ಲಿ ಶಾಲು, ಹಾರ, ಹಣ್ಣು. ಖಾಕಿ ಪ್ಯಾಂಟು. ಎಡಭುಜ ಒಂದಿಷ್ಟು ಕೆಳಗೆ.

ಜಯಂತಿ ಅಕ್ಕಿಯ ಮೊರ ಕೆಳಗಿಟ್ಟಳು.

ತಟ್ಟೆ ಕೊಟ್ಟು ಅವನು ಹೋದ. ಭಾಷಣ ಆಯಿತು. ಗದ್ದೆ ಬಿಟ್ಟುಕೊಟ್ಟವರು ಬಂದು ಕೂತರು, ಅವನು ತಟ್ಟೆ ಹಿಡಿದು ಮತ್ತೆ ಬಂದ. ಮಾಸ್ತರಿಗೆ ಬಂದ. ಕರೆಂಟಿನವನ ಅಪ್ಪನಿಗೆ ಹಾರ ಹಾಕುವಾಗ ಹಾರ ಕನ್ನಡಕಕ್ಕೆ ಸಿಕ್ಕಿಕೊಂಡಿತು, ಅವನೇ ಬಗ್ಗಿ ಬಿಡಿಸಿದ. ಬಿಡಿಸಿ ಕ್ಯಾಮೆರಾದ ಕಡೆ ನೋಡಿದ. ಇಷ್ಟು ದಿನ, ದಿನಾ, ಪಂಚೆಯ ಕೆಳಗೆ ಅವನು ಬಂದು ಬಂದು ಹೋಗುತ್ತಿದ್ದ.

ಮನಿಷಾ ತೋರಿಸಿದ್ದ ಜಾಗ ಒತ್ತಿ ಅವಳು ಚಿತ್ರವನ್ನು ಚೊಕ್ಕ ಮಾಡಿಕೊಂಡಳು. ಎಲ್ಲಕ್ಕಿಂತ ಮೇಲಿನದು. ಒಂದು ಗಳಿಗೆ ತಡೆದು ಮುಖ ಬಂತು, ಹುಬ್ಬು, ಮೂಗು, ಹಣೆಯ ಬೆವರು. ಇನ್ನು ನೆಟ್ಟು ಬೇಗ ಹೋಗುತ್ತದೆ. ಹೋಗಲಿ.

ಸನ್ಮಾನ ಮುಗಿಯಿತು ಎಂದು ಮೈಕಿನಲ್ಲಿ ಹೇಳಿದರು. ಇನ್ನೂ ನಾಲ್ಕು ಜನರಿಗೆ ಮಾಡಬಹುದಿತ್ತು ಎಂದು ಜಯಂತಿಗೆ ಅನ್ನಿಸಿತು. ಊರಿನಲ್ಲಿ ದೊಡ್ಡವರಿಗೇನು ಬರಗಾಲವಿರಲಿಲ್ಲ.