ಏರ್‌ಬ್ಯಾಗ್ ಮೇಲೆ ಕೂರಿಸಿದ ಆಂಜನೇಯ

ಮೇಸ್ತ್ರಿಯವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಯಾವ ಕಾಲದಲ್ಲೋ ಜೀಪಿನ ಬಾನೆಟ್ ಬಿದ್ದು ಆದದ್ದಂತೆ. ವೈರನ್ನು ಆ ಸೀಳಿಗೆ ಸಿಕ್ಕಿಸಿ ಎಳೆದರೆ ಮೇಲಿನ ಸಿಪ್ಪೆ ಸಲೀಸಾಗಿ ಕಳಚಿ ಬರುತ್ತಿತ್ತು. “ಶಿವ ಕೊಟ್ಟ ಕಟಿಂಗ್ ಪ್ಲೇಯರ್ ಸ್ವಾಮಿ ಇದು” ಎಂದು ನಗುತ್ತಿದ್ದರು.

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಅವರ ಶೆಡ್ಡು. ಪೊಲೀಸ್ ಗಾಡಿಗಳಿಗೆ ವೈರ್‌ಲೆಸ್ ಸೆಟ್ಟು, ಸೈರನ್ನು, ನೆತ್ತಿಯ ಮೇಲಿನ ಕೆಂಪು ನೀಲಿ ದೀಪ ಕೂರಿಸುವುದು ಅವರ ಕೆಲಸ. ನಾನು ಠಾಣೆಯೊಂದರಲ್ಲಿ ಡ್ರೈವರ್. ಹೊಸ ಗಾಡಿ ಬಂದಾಗಲೆಲ್ಲ ಅವರ ಬಳಿಗೆ ಹೊಡೆದುಕೊಂಡು ಹೋಗುವವನು ನಾನೇ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಸೊಂಟದಲ್ಲಿ ಟೆಸ್ಟರು, ಇಷ್ಟು ಇಲ್ಲದೆ ಅವರನ್ನು ಕಂಡ ನೆನಪೇ ನನಗಿಲ್ಲ.

ಏರ್‌ಬ್ಯಾಗ್ ಇರುವ ಗಾಡಿಗಳು ಬರತೊಡಗಿದ ಮೇಲೆ ಮೇಸ್ತ್ರಿ ವಿಪರೀತ ನಿಧಾನವಾದರು. ಮೊದಲು ಬ್ಯಾಟರಿ ಕಳಚುವುದು, ಆಮೇಲೆ ನನ್ನನ್ನು ಎದುರಿನ ಹೋಟೆಲಿಗೆ ಎಳೆದೊಯ್ದು ಬೈ-ಟೂ ಕಾಫಿ ಕುಡಿಸುವುದು. “ಬ್ಯಾಟರಿ ತೆಗೆದ ತಕ್ಷಣ ಸುಮ್ನಾಗಲ್ಲ ಇದು. ಒಳಗೆ ಸ್ವಲ್ಪ ಹೊತ್ತು ಉಸಿರಿರುತ್ತೆ. ಅದು ಇಳೀಲಿ, ಆಮೇಲೆ ಕೈ ಹಾಕೋಣ.” ಏರ್‌ಬ್ಯಾಗಿಗೆ ಹೋಗುವ ಹಳದಿ ಹೊದಿಕೆಯ ವೈರಿನ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಗುಜರಿಯಿಂದ ತಂದ, ಒಮ್ಮೆ ಸಿಡಿದು ಮುಗಿದ ಏರ್‌ಬ್ಯಾಗೊಂದು ಅವರ ಬಳಿ ಇತ್ತು. ಅದನ್ನು ಡ್ಯಾಶ್‌ಬೋರ್ಡಿನಿಂದ ಸೀಟಿನವರೆಗೆ ಹಿಡಿದು, ಅದು ಎಷ್ಟು ದೂರ ಚಿಮ್ಮುತ್ತದೆಂದು ಅಳೆದು, ಆ ದಾರಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಗೆರೆಯೊಳಗೆ ಒಂದು ಮೊಳೆಯೂ ಬೀಳಕೂಡದು. ವೈರ್‌ಲೆಸ್ ಸೆಟ್ಟು ಎರಡು ಸೀಟುಗಳ ನಡುವೆ ಕೆಳಗೆ ಹೋಯಿತು. ಬಗ್ಗಿ ಮೈಕು ತೆಗೆಯಬೇಕಲ್ಲ ಎಂದು ಸಾಹೇಬರುಗಳು ಗೊಣಗಿದರೆ, “ಬಗ್ಗಿದ್ರೆ ಸೊಂಟ ನೋಯುತ್ತೆ ಅಷ್ಟೆ ಸಾರ್” ಎನ್ನುತ್ತಿದ್ದರು.

ನನ್ನ ಹಳೆಯ ಜೀಪಿನಲ್ಲಿ ಹಿತ್ತಾಳೆಯ ಆಂಜನೇಯನೊಬ್ಬನಿದ್ದ. ಅಂಗೈಯಷ್ಟು ಅಗಲ, ಒಳ್ಳೆಯ ತೂಕ. ಹನುಮಂತನಗರದ ಗುಡ್ಡದ ಗುಡಿಯಲ್ಲಿ ಪೂಜೆ ಮಾಡಿಸಿ ತಂದದ್ದು. ಹೊಸ ಗಾಡಿ ಬಂದಾಗ ಅವನನ್ನೂ ಮೇಸ್ತ್ರಿಯ ಬಳಿ ಒಯ್ದೆ. ನಾನು ತೋರಿಸಿದ ಜಾಗ ಎಡಗಡೆ ಡ್ಯಾಶ್‌ಬೋರ್ಡಿನ ನಡುಮಧ್ಯ, ಅವರ ಗೆರೆಯ ಒಳಗೇ.

“ಅಲ್ಲಿ ಬೇಡ ಸ್ವಾಮಿ. ಅದು ಏರ್‌ಬ್ಯಾಗಿನ ಬಾಗಿಲು. ತೆರೆದ್ರೆ ದೇವರು ನೇರ ಮುಖಕ್ಕೇ ಬರ್ತಾನೆ.”

“ಏನ್ ಮೇಸ್ತ್ರಿ, ಕಾಪಾಡೋ ದೇವರಿಗೇ ಜಾಗ ಇಲ್ವಾ?”

ಅವರು ಅಂಗಿಯ ಮೇಲೆ ಲಿಂಗವನ್ನು ಮುಟ್ಟಿಕೊಂಡರು. “ನಮ್ಮವನು ಎದೆ ಮೇಲೇ ಇರ್ತಾನೆ. ನಿಮ್ಮವನನ್ನೂ ಜೇಬಲ್ಲಿಟ್ಕೊಳಿ. ಇನ್ನೊಬ್ಬರ ಮುಖದ ಎದುರಿಗೆ ಯಾಕೆ?”

ನನಗೆ ಸಿಟ್ಟು ಬಂತು. ಇವರು ಯಾರು ನನಗೆ ಭಕ್ತಿ ಹೇಳಿಕೊಡುವುದಕ್ಕೆ ಎನಿಸಿತು. ಆಯುಧಪೂಜೆಯ ಬೆಳಿಗ್ಗೆ ಗಾಡಿ ತೊಳೆದು, ಬಾಳೆಕಂದು ಕಟ್ಟುವ ಮೊದಲು, ನಾನೇ ಡ್ರಿಲ್ ಹಿಡಿದು ಎರಡು ಸ್ಕ್ರೂ ಹಾಕಿ ಆಂಜನೇಯನನ್ನು ಅಲ್ಲೇ ಬಿಗಿದೆ. ಎಡಗಡೆ ಸೀಟಿನಲ್ಲಿ ಕೂರುತ್ತಿದ್ದವರು ನಮ್ಮ ಸಬ್ ಇನ್‌ಸ್ಪೆಕ್ಟರ್ ಮೇಡಂ. ಅವರು ಕುಂಕುಮ ಇಟ್ಟು ಕೈ ಮುಗಿದು, “ಮೇಸ್ತ್ರಿ ಚೆನ್ನಾಗಿ ಕೂರಿಸಿದಾರೆ ಕಣ್ರೀ” ಎಂದರು. ನಾನು ತಿದ್ದಲಿಲ್ಲ. ತಿದ್ದುವಂಥದ್ದು ಏನಿದೆ ಅಂದುಕೊಂಡೆ.

ದೀಪಾವಳಿ ಕಳೆದು ವಾರವಾಗಿರಬೇಕು. ಓಕಳಿಪುರಂ ಬಳಿ ಟೆಂಪೊ ಒಂದು ದಿಢೀರನೆ ಅಡ್ಡ ತಿರುಗಿತು. ಬ್ರೇಕ್ ಹಾಕಿದರೂ ಗಾಡಿ ಹೋಗಿ ಗುದ್ದಿತು. ಅಂಥ ದೊಡ್ಡ ಹೊಡೆತವೇನಲ್ಲ. ನನ್ನ ಮುಂದಿನ ಏರ್‌ಬ್ಯಾಗು ನನಗೊಂದು ಗೀರೂ ಆಗದಂತೆ ಕಾಪಾಡಿತು. ಮೇಡಂ ಮುಂದಿನದು ಆಂಜನೇಯನನ್ನು ಕಿತ್ತುಕೊಂಡು ಬಂತು. ಅವರ ಎಡಗೆನ್ನೆಯ ಮೂಳೆ ಮುರಿಯಿತು, ಆ ಕಣ್ಣು ಪೂರ್ತಿ ಸರಿಹೋಗಲೇ ಇಲ್ಲ.

ವಿಚಾರಣೆಯ ದಿನ ಮೇಲಿನ ಅಧಿಕಾರಿಯೊಬ್ಬರ ಎದುರು ನನ್ನನ್ನೂ ಮೇಸ್ತ್ರಿಯನ್ನೂ ಒಟ್ಟಿಗೆ ನಿಲ್ಲಿಸಿದರು. “ಡ್ಯಾಶ್‌ಬೋರ್ಡ್ ಮೇಲೆ ಆ ವಿಗ್ರಹ ಫಿಟ್ ಮಾಡಿಸಿದ್ದು ಎಲ್ಲಿ?” ಎಂದು ನನ್ನನ್ನು ಕೇಳಿದರು.

“ನಮ್ಮ ಗಾಡಿ ಫಿಟ್ಟಿಂಗ್ ಎಲ್ಲಾ ಇವರ ಶೆಡ್ಡಲ್ಲೇ ಆಗೋದು ಸಾರ್” ಎಂದೆ.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದೆ. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು.

“ನನ್ನ ಕೈಕೆಲಸ ಅಲ್ಲ ಸಾರ್ ಅದು” ಎಂದರು ಮೇಸ್ತ್ರಿ.

“ಮತ್ತೆ ಯಾರದು?”

ಮೇಸ್ತ್ರಿ ನನ್ನ ಕಡೆ ತಿರುಗಿದರು. ಅವರಿಗೆ ಗೊತ್ತಿತ್ತು. ಹೆಸರು ಹೇಳಬಹುದಿತ್ತು, ಹೇಳಲಿಲ್ಲ. “ಹಾಕಿದವರೇ ಹೇಳ್ಬೇಕು ಸಾರ್” ಎಂದರು. ನಾನು ನನ್ನ ಬೂಟು ನೋಡುತ್ತ ನಿಂತೆ. ನಿವೃತ್ತಿಗೆ ನಾಲ್ಕು ವರ್ಷ ಬಾಕಿಯಿತ್ತು, ಕೆಲಸ ಹೋದರೆ ಎಂಬ ಭಯವಿತ್ತು. ಹೀಗೆ ಬರೆಯುವಾಗಲೂ ಕಾರಣ ಹುಡುಕುತ್ತಿದ್ದೇನೆ ನೋಡಿ. ನಿಜ ಹೇಳಬೇಕೆಂದರೆ ನಾನು ಹೇಡಿ.

ಅವತ್ತಿನಿಂದ ಪೊಲೀಸ್ ಗಾಡಿಗಳು ಆ ರಸ್ತೆಗೆ ಹೋಗುವುದು ನಿಂತಿತು. ಎಸ್‌ಐ ಮೇಡಂ ಮುಖ ಕೆಡಿಸಿದವನು ಎಂದು ಮೇಸ್ತ್ರಿಗೆ ಕೆಟ್ಟ ಹೆಸರು ಬಂತು. ಅವರು ಆಟೋಗಳ ಹಾರ್ನು, ಇಂಡಿಕೇಟರು ರಿಪೇರಿ ಮಾಡಿಕೊಂಡು ಕೂತರು.

ನಿವೃತ್ತಿಯಾದ ತಿಂಗಳು ಧೈರ್ಯ ಮಾಡಿ ಶೆಡ್ಡಿಗೆ ಹೋದೆ. ಅವರು ಒಂದು ಆಟೋದ ಅಡಿಯಿಂದ ಎದ್ದು ಬಂದರು. “ಮೇಸ್ತ್ರಿ, ಆವತ್ತು ಆ ಸ್ಕ್ರೂ ಹಾಕಿದ್ದು ನಾನೇ” ಎಂದೆ.

“ನನಗೆ ಗೊತ್ತಿರೋದನ್ನ ನನಗ್ಯಾಕೆ ಹೇಳ್ತೀರಿ ಸ್ವಾಮಿ?” ಎಂದರು. ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. “ಗೊತ್ತಿಲ್ಲದವರಿಗೆ ಹೋಗಿ ಹೇಳಿ.”

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಮೊದಲು ಪೆನ್ಷನ್ ಕಾಗದ ಆಗಲಿ ಎಂದೆ. ಆಮೇಲೆ ಮಗಳ ಮದುವೆ ಮುಗಿಯಲಿ ಎಂದೆ. ಹೀಗೆ ಎರಡು ವರ್ಷ ಕಳೆಯಿತು.

ಹೋದ ಶ್ರಾವಣದಲ್ಲಿ ಮೇಸ್ತ್ರಿ ಲಿಂಗೈಕ್ಯರಾದರು. ಅವರ ಮನೆಯ ಮುಂದೆ ದೇಹವನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿದ್ದರು. ನನ್ನ ಪಕ್ಕದಲ್ಲಿದ್ದ ಅಂಗಡಿಯವನೊಬ್ಬ, “ಒಳ್ಳೆ ಕೆಲಸಗಾರ. ಆ ಪೊಲೀಸ್ ಗಾಡೀಲಿ ಒಂದು ತಪ್ಪು ಮಾಡಿ ಹೆಸರು ಕೆಡಿಸ್ಕೊಂಡ್ರು ಪಾಪ” ಎಂದ. ಆಗಲೂ ಬಾಯಿ ಬಿಡಲಿಲ್ಲ ನಾನು. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ಮಾರನೆಯ ದಿನ ಮತ್ತಿಕೆರೆಯಲ್ಲಿದ್ದ ಮೇಡಂ ಮನೆಗೆ ಹೋದೆ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಮೇಸ್ತ್ರಿ ಬೇಡ ಎಂದದ್ದು, ನಾನು ಕೇಳದೆ ಹಾಕಿದ್ದು, ವಿಚಾರಣೆಯಲ್ಲಿ ಆಡಿದ ಮಾತು, ಅವರು ತೀರಿಕೊಂಡದ್ದು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮೇಡಂ ಎಡಗೆನ್ನೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು:

“ಆರು ವರ್ಷದಿಂದ ಕನ್ನಡಿ ನೋಡಿದಾಗೆಲ್ಲ ಆ ಮನುಷ್ಯನಿಗೆ ಶಾಪ ಹಾಕಿದೀನಿ. ಅದನ್ನ ಈಗ ಯಾರ ಹತ್ರ ಹೋಗಿ ವಾಪಸ್ ತಗೊಳ್ಳಲಿ, ಹೇಳಿ?”