ತಮ್ಮನ ಮಜ್ಜೆ, ಯಾರದೋ ಹೊಕ್ಕುಳಬಳ್ಳಿ

ದೇವಣಗಾಂವದ ಸಾವಂತ್ರವ್ವನಿಗೆ ನಂಬಿಕೆ ಸುಲಭಕ್ಕೆ ಹುಟ್ಟುತ್ತಿರಲಿಲ್ಲ. ಅಂಗನವಾಡಿಯಲ್ಲಿ ಅಡುಗೆ ಮಾಡುವಾಕೆ. ಬೇಳೆ ಚೀಲದ ತಳದಿಂದ ಒಂದು ಹಿಡಿ ತೆಗೆದು ಮೂಸಿ ನೋಡಿದ ಮೇಲೆಯೇ ಒಲೆ ಹಚ್ಚುತ್ತಿದ್ದಳು. ಅಂಥವಳ ಮೂಳೆಯೊಳಗಿನ ಮಜ್ಜೆ ಒಣಗಿ ರಕ್ತ ಹುಟ್ಟುವುದೇ ನಿಂತಾಗ, ತಮ್ಮ ಪರಮಾನಂದನ ಮಜ್ಜೆ ಹೊಂದುತ್ತದೆ ಎಂದರು ಹೈದರಾಬಾದಿನ ಡಾಕ್ಟರು. ಪರಮಾನಂದ ತಂಗಡಗಿಯಲ್ಲಿ ಶಾಲಾ ಮಾಸ್ತರ. ಅವ್ವ ಸತ್ತಾಗ ಮಣ್ಣಿಗೆ ತಡವಾಗಿ ಬಂದನೆಂದು ಸಾವಂತ್ರವ್ವ ಅವನೊಡನೆ ಮಾತು ಬಿಟ್ಟು ವರ್ಷಗಳಾಗಿದ್ದವು. ಆದರೂ ಬಂದ, ಕೊಟ್ಟ, ಹೋದ.

ಕೆಲವು ತಿಂಗಳು ಚೆನ್ನಾಗಿದ್ದಳು. ಆಮೇಲೆ ಮೈತುಂಬ ಕೆಂಪು ದದ್ದು, ಬಾಯಲ್ಲಿ ಹುಣ್ಣು, ನಿಲ್ಲದ ಭೇದಿ. ಮತ್ತೆ ಆಸ್ಪತ್ರೆ. ವಾರ್ಡಿನ ಡಾಕ್ಟರ್ ಶಾಹಿಸ್ತಾ ಮುದ್ದೇಬಿಹಾಳದ ಕಡೆಯವಳು, ಊರ ಮಾತಿನಲ್ಲೇ ಬಿಡಿಸಿ ಹೇಳಿದಳು: "ಅಕ್ಕಾರ, ತಮ್ಮನ ಮಜ್ಜಿಯೊಳಗಿನ ಜೀವಕೋಶ ನಿಮ್ಮ ಮೈಯನ್ನ ಪರರದು ಅಂತ ತಿಳ್ಕೊಂಡು ಅದರ ಮ್ಯಾಲ ಬಿದ್ದಾವ್ರಿ."

ಉಳಿದದ್ದೇನೂ ಅವಳ ಕಿವಿಗೆ ಬೀಳಲಿಲ್ಲ. ತಮ್ಮ ಮನಸ್ಸಿನಲ್ಲಿ ವಿಷ ಇಟ್ಟುಕೊಂಡೇ ಕೊಟ್ಟಿದ್ದಾನೆ ಎಂಬುದೊಂದೇ ತಲೆಯಲ್ಲಿ ಕೂತಿತು.

ಸ್ಟೀರಾಯ್ಡಿಗೆ ರೋಗ ಬಗ್ಗದಾಗ ಶಾಹಿಸ್ತಾ ಹೊಸ ಪ್ರಯೋಗದ ಮಾತು ತೆಗೆದಳು. ಹೆರಿಗೆಯಾದ ತಾಯಂದಿರು ಒಪ್ಪಿ ಕೊಟ್ಟ ಹೊಕ್ಕುಳಬಳ್ಳಿಯಿಂದ ಕಾಂಡಕೋಶ ಬೆಳೆಸಿ, ಮೈಮೇಲೆ ಬಿದ್ದ ಕೋಶಗಳನ್ನು ತಣಿಸಲೆಂದು ಸಲೈನಿನಂತೆ ನರಕ್ಕೆ ಬಿಡುವುದು. ಖರ್ಚೆಲ್ಲ ಆಸ್ಪತ್ರೆಯದೇ. ಇನ್ನೂ ಮೊದಲ ಹಂತ. ಅಪಾಯವಿದೆಯೋ ಇಲ್ಲವೋ ನೋಡುವುದೇ ಮುಖ್ಯ.

"ತಮ್ಮಂದು ಸಾಲಲಿಲ್ಲಂತ ಈಗ ಗುರುತಿಲ್ಲದವರ್ದೇನ್ರಿ? ಇದರಾಗ ನಿಮಗೇನ್ ಸಿಗತೈತಿ ಡಾಕ್ಟರ್ ಬಾಯಾರ?"

"ತಿಳುವಳಿಕಿ ಸಿಗತೈತ್ರಿ. ಚಲೋ ಆದ್ರ ನಮ್ಮ ಹೆಸರೂ ಆಗತೈತಿ."

"ನನಗ?"

"ಗುಣ ಆಗಬಹುದು, ಆಗದನೂ ಇರಬಹುದು. ಸೋಂಕು ತಗಲಿ ಜೀವಕ್ಕ ಕುತ್ತ ಬಂದ್ರೂ ಬರಬಹುದು. ನೀವು ಬ್ಯಾಡಂದ್ರ ಬ್ಯಾರೆ ಔಷಧಿ ನೋಡೋಣು, ಕೈ ಬಿಡೂದಿಲ್ರಿ."

ಪುಕ್ಕಟೆ ಔಷಧಿ, ಊರ ಮಾತಾಡುವ ಡಾಕ್ಟರ್. ಎರಡೂ ಬಲೆಯಂತೆ ಕಂಡವು. ಬೇಡವೆಂದಳು.

ಸುದ್ದಿ ತಿಳಿದು ಪರಮಾನಂದ ಬಂದು ಹಾಸಿಗೆಯ ಪಕ್ಕ ನಿಂತ. ಸಾವಂತ್ರವ್ವ ವರ್ಷಗಳ ಮೌನ ಮುರಿದದ್ದೇ ಹೀಗೆ: "ಖರೇ ಹೇಳು. ಮನಸಿಟ್ಟು ಕೊಟ್ಟಿಯೇನು?"

ಅವನು ತಲೆ ತಗ್ಗಿಸಿದ. "ಇಲ್ಲಕ್ಕಾ. ಅಂಜಿಕಿ ಇತ್ತು. ನಿನ್ನ ಮ್ಯಾಲ ಸಿಟ್ಟೂ ಇತ್ತು. ಕೊಡಲಿಲ್ಲಂದ್ರ ಮಂದಿ ಏನಂದಾರು ಅಂತ ಕೊಟ್ಟೆ. ಆಮ್ಯಾಲ ಬಸ್ಸಿನಾಗ ಕುಂತಾಗ, ನೀ ಉಳೀಬೇಕಂತ ಅತ್ತೇನಿ."

ಸಾವಂತ್ರವ್ವ ಅವನನ್ನೇ ನೋಡಿದಳು. ಕೆಡುಕು ಬಗೆದವನು ಇಷ್ಟು ನಾಚಿಕೆಗೇಡಿನ ಮಾತು ಒಪ್ಪಿಕೊಳ್ಳುವುದಿಲ್ಲ, ಸಿಹಿ ಹಚ್ಚಿ ಹೇಳುತ್ತಾನೆ. ಡಾಕ್ಟರ್ ಕೂಡ ಸಿಹಿ ಹಚ್ಚಿರಲಿಲ್ಲವಲ್ಲ ಎಂದು ಆಗ ಹೊಳೆಯಿತು.

"ಕುರ್ಚಿ ಎಳ್ಕೊಂಡು ಕುಂದ್ರು," ಎಂದಳು.

ಒಪ್ಪಿಗೆ ಪತ್ರವನ್ನು ತಮ್ಮನಿಂದ ಓದಿಸಿ, ಬೇಕೆಂದಾಗ ಪ್ರಯೋಗ ಬಿಟ್ಟು ಹೋಗಬಹುದು ಎಂಬುದನ್ನು ಮತ್ತೆ ಮತ್ತೆ ಕೇಳಿ, ಸಹಿ ಹಾಕಿದಳು. ಕಾಂಡಕೋಶದ ಮೊದಲ ಚೀಲ ನರಕ್ಕೆ ಇಳಿದ ಸಂಜೆ ಚಳಿ ಜ್ವರ ಬಂದು, ಮೋಸ ಹೋದೆನೆಂದು ಗೋಡೆಗೆ ಮುಖ ಮಾಡಿ ಮಲಗಿದಳು. ಜ್ವರ ಇಳಿಯಿತು. ವಾರಗಳು ಕಳೆದಂತೆ ಭೇದಿ ತಗ್ಗಿತು, ಗಂಜಿ ದಕ್ಕಿತು. ಚರ್ಮ ಮಾತ್ರ ಅರ್ಧಂಬರ್ಧ. ಇದು ಕಾಂಡಕೋಶದ ಗುಣವೋ, ಜೊತೆಗಿದ್ದ ಔಷಧಿಯದೋ ಈಗಲೇ ಹೇಳಲಾಗದು ಎಂದಳು ಶಾಹಿಸ್ತಾ.

ಊರಿಗೆ ಹೊರಡುವಾಗ ಆಸ್ಪತ್ರೆಯ ಪ್ರಚಾರದವನೊಬ್ಬ 'ಗುಣವಾದವರು' ಎಂದು ಗೋಡೆಗೆ ಹಾಕಲು ಫೋಟೋ ಕೇಳಿದ. ಸಾವಂತ್ರವ್ವ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

"ಗುಣ ಆಗೇನಿ ಅಂತ ಬಾಯಾರೇ ಇನ್ನಾ ಹೇಳಿಲ್ಲ. ನೀ ಯಾವಾಂವ ಹೇಳಾಂವ?"